ಚೀಲಕ್ಕಿಂತ ಭೇಟಿ ದೊಡ್ಡದು: ಧರ್ಮಕೇಂದ್ರದ ಎಸ್‌ವಿಪಿ ಸೇವೆ ಹೇಗಿದೆ?

ಭಾನುವಾರದ ಪೂಜೆ ಮುಗಿದು ಜನ ಕರಗಿದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಏಳೆಂಟು ಜನ ಒಂದು ಮೇಜಿನ ಸುತ್ತ ಕೂತಿರುತ್ತಾರೆ. ಒಬ್ಬರ ಮುಂದೆ ನಡಾವಳಿ ಪುಸ್ತಕ, ಇನ್ನೊಬ್ಬರ ಮುಂದೆ ಲೆಕ್ಕದ ಪುಸ್ತಕ, ಮಧ್ಯದಲ್ಲಿ ಶಿಲುಬೆ, ಅದರ ಪಕ್ಕ ಒಂದು ಬಟ್ಟೆಯ ಚೀಲ. ಇದು ಬಡವರ ಸೇವೆಗೆಂದೇ ಇರುವ ಕ್ಯಾಥೊಲಿಕ್ ಸಂಘಟನೆಯಾದ ಸಂತ ವಿನ್ಸೆಂಟ್ ದಿ ಪಾಲ್ ಸೊಸೈಟಿಯ ಕಾನ್ಫರೆನ್ಸ್, ಅಂದರೆ ಒಂದು ಧರ್ಮಕೇಂದ್ರದ (ಪ್ಯಾರಿಷ್) ಘಟಕ. ಜನರ ಬಾಯಲ್ಲಿ ಬರೀ ಎಸ್‌ವಿಪಿ. ಬೆಂಗಳೂರು, ಮಂಗಳೂರು ಕಡೆಯ ಕ್ಯಾಥೊಲಿಕ್ ಧರ್ಮಕೇಂದ್ರಗಳಿಗೆ ಹೋಗಿಬರುವವರಿಗೆ ಈ ಹೆಸರು ಹೊಸದಲ್ಲ, ಆದರೆ ಒಳಗೆ ಏನು ನಡೆಯುತ್ತದೆ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ‘ಬಡವರಿಗೆ ಅಕ್ಕಿ ಕೊಡುವವರು’ ಅಂದುಕೊಂಡು ಸುಮ್ಮನಾಗುತ್ತಾರೆ.

ಇಲ್ಲಿ ವಿಮರ್ಶೆ ಮಾಡುತ್ತಿರುವುದು ಯಾವುದೋ ಒಂದು ಊರಿನ ಘಟಕವನ್ನಲ್ಲ, ಆ ಸೇವೆ ನಡೆಯುವ ಕ್ರಮವನ್ನು. ನೆರವು ಕೇಳಬೇಕಾದವರು, ಸದಸ್ಯರಾಗಬೇಕೆಂದಿರುವವರು, ಹಣ ಕೊಡುವವರು ಮೂವರಿಗೂ ಉಪಯೋಗವಾಗಲಿ ಅಂತ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಮನೆಭೇಟಿ ಇನ್ನೂ ಜೀವಂತವಾಗಿರುವ ಧರ್ಮಕೇಂದ್ರದಲ್ಲಿ ಇದಕ್ಕಿಂತ ಒಳ್ಳೆಯ ಸೇವೆ ಸಿಗುವುದು ಕಷ್ಟ. ಭೇಟಿ ನಿಂತು ತಿಂಗಳಿಗೊಮ್ಮೆ ಚೀಲ ಹಂಚುವುದಷ್ಟೇ ಉಳಿದ ಕಡೆ ಹೆಸರು ಮಾತ್ರ ಎಸ್‌ವಿಪಿ.

ಯಾಕೆ ಹೀಗೆ ಹೇಳಬೇಕಾಗಿದೆ ಅಂದರೆ ಸೊಸೈಟಿ ಹುಟ್ಟಿದ್ದೇ ಭೇಟಿಯಿಂದ. 1832ರಲ್ಲಿ ಪ್ಯಾರಿಸ್ ನಗರವನ್ನು ಕಾಲರಾ ಹಿಂಡಿತ್ತು. ಮರುವರ್ಷ, 1833ರ ಏಪ್ರಿಲ್ 23ರಂದು, ಕೆಲವು ವಿದ್ಯಾರ್ಥಿಗಳು ಎಮ್ಮಾನ್ಯುಯೆಲ್ ಬೈಯಿ ಎಂಬ ಪತ್ರಿಕಾ ಸಂಪಾದಕರ ಕಚೇರಿಯಲ್ಲಿ ಸೇರಿದರು. ಅವರಲ್ಲಿ ಮುಂದಾಳು ಫ್ರೆಡೆರಿಕ್ ಓಜಾನಾಂ. ಅವತ್ತೇ ಅವನಿಗೆ 20 ತುಂಬಿತ್ತು. ಚರ್ಚಾಕೂಟಗಳಲ್ಲಿ ಧರ್ಮದ ಪರ ವಾದ ಮಾಡುತ್ತಿದ್ದ ಹುಡುಗರಿಗೆ ಎದುರಾಳಿಗಳು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಚರ್ಚು ಹಿಂದೆ ಮಾಡಿದ್ದು ಸರಿ, ಈಗ ಬಡವರಿಗಾಗಿ ಏನು ಮಾಡುತ್ತಿದೆ? ಉತ್ತರ ಹುಡುಕಿಕೊಂಡು ಅವರು ಹೋದದ್ದು ಮೂಫ್ತಾರ್ ಬಡಾವಣೆಯಲ್ಲಿ ದುಡಿಯುತ್ತಿದ್ದ ಸಿಸ್ಟರ್ ರೊಸಾಲಿ ರಾಂದು ಹತ್ತಿರ. ಆಕೆ ಕೈಗೆ ಕೊಟ್ಟಿದ್ದು ಎರಡು: ಬಡ ಕುಟುಂಬಗಳ ವಿಳಾಸ ಮತ್ತು ರೊಟ್ಟಿಯ ಚೀಟಿ. ವಿಳಾಸ ಇಲ್ಲದೆ ಚೀಟಿಗೆ ಅರ್ಥವಿರಲಿಲ್ಲ. ಇವತ್ತಿಗೂ ಈ ಜೋಡಿ ಹಾಗೇ ಇರಬೇಕು. ಓಜಾನಾಂ ಮುಂದೆ ಸೊರ್ಬೊನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿ, 40ನೇ ವಯಸ್ಸಿನಲ್ಲಿ 1853ರಲ್ಲಿ ತೀರಿಕೊಂಡ. 1997ರಲ್ಲಿ ಅವನನ್ನೂ, 2003ರಲ್ಲಿ ಸಿಸ್ಟರ್ ರೊಸಾಲಿಯನ್ನೂ ಪುನೀತರೆಂದು (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಘೋಷಿಸಲಾಯಿತು. ‘ಕಾನ್ಫರೆನ್ಸ್’ ಎಂಬ ಹೆಸರು ಆ ಕಾಲದ ಚರ್ಚಾಕೂಟದಿಂದಲೇ ಉಳಿದುಬಂದಿದೆ. ಒಂದು ಧರ್ಮಕೇಂದ್ರದ ಘಟಕಕ್ಕೆ ಈಗಲೂ ಅದೇ ಹೆಸರು.

ಇನ್ನು ಭೇಟಿ. ಇಬ್ಬರೇ ಹೋಗಬೇಕು. ಒಬ್ಬರೇ ಹೋದರೆ ಮುಂದೆ ಏನಾದರೂ ಮಾತು ಬಂದಾಗ ಸಾಕ್ಷಿ ಇರುವುದಿಲ್ಲ, ಮೂವರು ನಾಲ್ವರು ಹೋದರೆ ಸಣ್ಣ ಮನೆಗೆ ಅದು ದಾಳಿಯ ಹಾಗೆ ಕಾಣುತ್ತದೆ, ಅಕ್ಕಪಕ್ಕದವರು ಬಾಗಿಲಿಗೆ ಬರುತ್ತಾರೆ. ಹೆಣ್ಣುಮಕ್ಕಳೇ ಇರುವ ಮನೆಗೆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಹಿಂದಿನ ದಿನ ಫೋನ್ ಮಾಡಿ ಸಮಯ ಕೇಳಬೇಕು. ಊಟದ ಹೊತ್ತು, ನಲ್ಲಿ ನೀರು ಬರುವ ಹೊತ್ತು ಬೇಡ. ಚಪ್ಪಲಿ ಹೊರಗೆ ಬಿಟ್ಟು, ಅವರು ತೋರಿಸಿದ ಜಾಗದಲ್ಲಿ ಕೂರಬೇಕು. ಚಾಪೆಯಾದರೆ ಚಾಪೆ. ಚಹಾ ಕೊಟ್ಟರೆ ಕುಡಿಯಬೇಕು. ‘ನಿಮಗ್ಯಾಕೆ ತೊಂದರೆ’ ಅಂತ ಬೇಡ ಅಂದರೆ, ಆ ಮನೆಯವರು ಕೊಡಬಹುದಾಗಿದ್ದ ಒಂದೇ ಒಂದನ್ನೂ ನಾವು ತಿರಸ್ಕರಿಸಿದ ಹಾಗೆ.

ಅಲ್ಲೇ ಫಾರ್ಮ್ ತೆಗೆದು ಬರೆಯುತ್ತಾ ಕೂರುವುದು ದೊಡ್ಡ ತಪ್ಪು. ಪೆನ್ನು ಕಂಡ ಕೂಡಲೇ ಮನೆಯವರ ಮಾತು ಅರ್ಜಿಯ ಮಾತಾಗಿಬಿಡುತ್ತದೆ. ಮಾತಾಡುತ್ತಾ ಐದು ವಿಷಯ ತಿಳಿದುಕೊಂಡರೆ ಸಾಕು: ಮನೆಯಲ್ಲಿ ಎಷ್ಟು ಜನ, ದುಡಿಯುವವರು ಯಾರು, ಬಾಡಿಗೆ ಮತ್ತು ಸಾಲ, ಕಾಯಿಲೆ ಮತ್ತು ದಿನದ ಮಾತ್ರೆ, ಯಾವ ಕಾಗದಪತ್ರ ಇದೆ, ಯಾವುದು ಇಲ್ಲ. ಗಲ್ಲಿಯಿಂದ ಆಚೆ ಬಂದ ಮೇಲೆ ಬರೆದುಕೊಳ್ಳಬಹುದು. ಫೋಟೊ ತೆಗೆಯಲೇಬಾರದು. ‘ದಾನಿಗಳಿಗೆ ತೋರಿಸಬೇಕು’ ಅನ್ನುವ ಕಾರಣವೂ ಸಲ್ಲದು. ದಾನಿಗೆ ರಸೀದಿ ಸಾಕು. ಅರ್ಧ ಗಂಟೆ ಮೀರದಿದ್ದರೆ ಒಳ್ಳೆಯದು. ಮೊದಲ ಭೇಟಿಯಲ್ಲೇ ಎಲ್ಲ ಹೊರಬರುವುದೂ ಇಲ್ಲ. ಸಾಲದ ನಿಜವಾದ ಮೊತ್ತ ಸಾಮಾನ್ಯವಾಗಿ ಎರಡನೇ ಮೂರನೇ ಭೇಟಿಗೆ ಗೊತ್ತಾಗುತ್ತದೆ, ಗಂಡನ ಕುಡಿತದ ವಿಷಯ ಅದಕ್ಕೂ ಆಮೇಲೆ. ಅದಕ್ಕೇ ಒಂದು ಮನೆಗೆ ಪ್ರತಿ ಸಲ ಬೇರೆ ಬೇರೆ ಜೋಡಿ ಕಳಿಸುವ ಘಟಕಗಳಲ್ಲಿ ಕೆಲಸ ಕೆಡುತ್ತದೆ. ಅದೇ ಇಬ್ಬರು ಆರು ತಿಂಗಳಾದರೂ ಹೋಗಬೇಕು.

ಸಭೆಯ ಕ್ರಮ ಸರಳ. ಪ್ರಾರ್ಥನೆ, ಶುಭಸಂದೇಶದ ಒಂದು ಭಾಗ ಅಥವಾ ಆಧ್ಯಾತ್ಮಿಕ ವಾಚನ, ಹಿಂದಿನ ಸಭೆಯ ನಡಾವಳಿ, ಖಜಾಂಚಿಯ ಲೆಕ್ಕ, ಭೇಟಿಗಳ ವರದಿ, ಹೊಸ ಮನವಿಗಳು, ಯಾರಿಗೆ ಏನು ಅನ್ನುವ ತೀರ್ಮಾನ, ಗುಪ್ತ ಕಾಣಿಕೆ, ಮುಕ್ತಾಯದ ಪ್ರಾರ್ಥನೆ. ಒಂದು ಗಂಟೆಯಲ್ಲಿ ಮುಗಿಯುತ್ತದೆ. ಅಧ್ಯಕ್ಷರು ಗುರುಗಳಲ್ಲ, ಶ್ರೀಸಾಮಾನ್ಯ ವಿಶ್ವಾಸಿ. ಧರ್ಮಕೇಂದ್ರದ ಗುರುಗಳು ಆಧ್ಯಾತ್ಮಿಕ ಸಲಹೆಗಾರರು. ಈ ವ್ಯತ್ಯಾಸ ಕಾಗದದ ಮೇಲಷ್ಟೇ ಉಳಿದು, ಪ್ರತಿ ಚೆಕ್ಕಿಗೂ ‘ಫಾದರ್ ಏನಂತಾರೆ’ ಅಂತ ಕಾಯುವ ಕಡೆ, ಗುರುಗಳ ವರ್ಗಾವಣೆಯಾದ ದಿನವೇ ಕಾನ್ಫರೆನ್ಸ್ ಮಲಗುತ್ತದೆ.

ಆ ಬಟ್ಟೆಯ ಚೀಲದ ಬಗ್ಗೆ ಹೇಳಲೇಬೇಕು. ಸಭೆಯ ಕೊನೆಗೆ ಅದು ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರೂ ಮುಷ್ಟಿ ಮುಚ್ಚಿಯೇ ಕೈ ಒಳಗೆ ಹಾಕುತ್ತಾರೆ, ಬಿಚ್ಚಿದ ಕೈ ಹೊರಗೆ ತೆಗೆಯುತ್ತಾರೆ. 500ರ ನೋಟು ಹಾಕಿದವರೂ, 10 ರೂಪಾಯಿ ಹಾಕಿದವರೂ, ಆ ವಾರ ಏನೂ ಹಾಕಲಾಗದವರೂ ಹೊರಗಿನಿಂದ ಒಂದೇ ಥರ ಕಾಣುತ್ತಾರೆ. ಇಷ್ಟು ಸಣ್ಣ ಏರ್ಪಾಡು ಸಭೆಯೊಳಗಿನ ಶ್ರೀಮಂತ-ಬಡವ ಲೆಕ್ಕವನ್ನು ಅಳಿಸಿಹಾಕುತ್ತದೆ. ಅನುಕೂಲಕ್ಕೆ ಅಂತ ಇದನ್ನು ಫೋನ್ ಪೇಗೆ ಬದಲಾಯಿಸಿದರೆ ಹಣ ಬರುತ್ತದೆ, ಗುಟ್ಟು ಹೋಗುತ್ತದೆ. ಖಜಾಂಚಿಯ ಮೊಬೈಲಿನಲ್ಲಿ ಹೆಸರಿನ ಸಮೇತ ಮೊತ್ತ ಬರುತ್ತದೆ. ಹೊರಗಿನ ದಾನಿಗಳಿಗೆ ಕ್ಯೂಆರ್ ಕೋಡ್ ಇರಲಿ, ಸದಸ್ಯರಿಗೆ ಚೀಲವೇ ಇರಲಿ.

ಈಗ ಎಲ್ಲರೂ ಕೇಳುವ ರೇಷನ್ ಕಿಟ್. ಇಲ್ಲಿ ಬಹಳ ಘಟಕಗಳು ಹಳೆಯ ಪಟ್ಟಿಯನ್ನೇ ಹಿಡಿದು ಕೂತಿವೆ: 10 ಕಿಲೋ ಅಕ್ಕಿ, ಉಳಿದದ್ದು ಸ್ವಲ್ಪ ಸ್ವಲ್ಪ. ಬಿಪಿಎಲ್ ಕಾರ್ಡ್ ಇರುವ ಮನೆಗೆ ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ಬಂದೇ ಬರುತ್ತದೆ. ಆ ಮನೆಯಲ್ಲಿ ಕೊರತೆ ಇರುವುದು ಬೇಳೆ, ಎಣ್ಣೆ, ಸೋಪು, ಗ್ಯಾಸ್ ಸಿಲಿಂಡರಿನ ದುಡ್ಡು. ನಾಲ್ಕು ಜನರ ಮನೆಗೆ ತಿಂಗಳಿಗೆ ತೊಗರಿಬೇಳೆ 2 ಕಿಲೋ, ಹೆಸರುಕಾಳು ಅಥವಾ ಕಡಲೆ 1 ಕಿಲೋ, ಅಡುಗೆ ಎಣ್ಣೆ 2 ಲೀಟರ್, ಸಕ್ಕರೆ 1 ಕಿಲೋ, ಚಹಾಪುಡಿ 250 ಗ್ರಾಂ, ಉಪ್ಪು 1 ಕಿಲೋ, ಮೈಸೋಪು 4, ಬಟ್ಟೆಸೋಪು 4, ಹೆಣ್ಣುಮಕ್ಕಳಿದ್ದರೆ ಸ್ಯಾನಿಟರಿ ಪ್ಯಾಡ್ 2 ಪ್ಯಾಕೆಟ್. ಕಾರ್ಡ್ ಇಲ್ಲದ ಮನೆಗೆ ಮಾತ್ರ ಅಕ್ಕಿ ಸೇರಿಸಿ, ಜೊತೆಗೆ ಕಾರ್ಡ್ ಮಾಡಿಸುವ ಕೆಲಸವನ್ನೂ ಹಿಡಿಯಿರಿ. ಊರು ನೋಡಿ ಪಟ್ಟಿ ಬದಲಾಗಲಿ: ಕರಾವಳಿಯ ಮನೆಗೆ ಕುಚ್ಚಲಕ್ಕಿ, ಮಂಡ್ಯ-ಕೋಲಾರದ ಕಡೆಯವರಿಗೆ ರಾಗಿಹಿಟ್ಟು. ಒಬ್ಬಂಟಿ ಅಜ್ಜಿಗೆ 2 ಲೀಟರ್ ಎಣ್ಣೆ ಕೊಟ್ಟರೆ ಅರ್ಧ ಪಕ್ಕದ ಮನೆಗೆ ಹೋಗುತ್ತದೆ. ಆಕೆಗೆ ಬೇಕಿರುವುದು ಬಿಪಿ ಮಾತ್ರೆ, ಮೆತ್ತಗಿನ ಬಿಸ್ಕತ್ತು, ವಾರಕ್ಕೊಮ್ಮೆ ಮಾತಾಡಿಸುವ ಒಬ್ಬರು. ಇದೆಲ್ಲ ಗೊತ್ತಾಗುವುದು ಮನೆಯೊಳಗೆ ಹೋದಾಗ ಮಾತ್ರ.

ಚರ್ಚಿನ ಅಂಗಳದಲ್ಲಿ ಸಾಲು ನಿಲ್ಲಿಸಿ, ಬ್ಯಾನರ್ ಕಟ್ಟಿ ಕಿಟ್ ಹಂಚುವುದನ್ನು ದಯವಿಟ್ಟು ನಿಲ್ಲಿಸಿ. ನಿಜವಾಗಿ ಕಷ್ಟದಲ್ಲಿರುವ, ನಿನ್ನೆ ಮೊನ್ನೆಯವರೆಗೆ ಮರ್ಯಾದೆಯಿಂದ ಬಾಳಿದ ಕುಟುಂಬ ಆ ಸಾಲಿಗೆ ಬರುವುದೇ ಇಲ್ಲ.

ಆಸ್ಪತ್ರೆಯ ಬಿಲ್ ಎಂಬುದು ಕಾನ್ಫರೆನ್ಸಿನ ಶಕ್ತಿ ಮೀರಿದ ಕೆಲಸ, ಆದರೆ ಇಲ್ಲೇ ಸರಿಯಾದ ಸಲಹೆಗೆ ಅತಿ ಹೆಚ್ಚು ಬೆಲೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30 ಭಾಗ. ಆದರೆ ತುರ್ತು ಚಿಕಿತ್ಸೆಗಳ ಪಟ್ಟಿ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಜನ ಮಾಡುವ ತಪ್ಪು ಏನೆಂದರೆ ಮೊದಲು ಅಡ್ಮಿಟ್ ಮಾಡಿ, ಒಡವೆ ಅಡವಿಟ್ಟು, ಬಿಲ್ ಕೈಗೆ ಬಂದ ಮೇಲೆ ಎಸ್‌ವಿಪಿ ಹತ್ತಿರ ಬರುವುದು. ಆಗ ರೆಫರಲ್‌ಗೆ ಹೊತ್ತು ಮೀರಿರುತ್ತದೆ, ಕಾನ್ಫರೆನ್ಸ್ 5 ಸಾವಿರ ಕೊಟ್ಟರೂ ಅದು ಸಮುದ್ರಕ್ಕೆ ಉಪ್ಪು. ಈ ಒಂದು ಮಾಹಿತಿಯನ್ನು ಪ್ರತಿ ಮನೆಗೂ ಮುಂಚಿತವಾಗಿ ಮುಟ್ಟಿಸಿದ ಘಟಕ, ತನ್ನ ವರ್ಷದ ಖರ್ಚಿಗಿಂತ ಹೆಚ್ಚು ಹಣವನ್ನು ಬಡವರಿಗೆ ಉಳಿಸಿಕೊಡುತ್ತದೆ. ಔಷಧಿಗೆ ಕೊಡುವಾಗ ಕೈಗೆ ನಗದು ಬೇಡ, ಮೆಡಿಕಲ್ ಶಾಪಿನಲ್ಲಿ ಖಾತೆ ಮಾಡಿ ತಿಂಗಳ ಕೊನೆಗೆ ತೀರಿಸಿ.

ನಗದು ಯಾಕೆ ಬೇಡ? ಮನೆಯವರನ್ನು ನಂಬುವುದಿಲ್ಲ ಅಂತ ಅಲ್ಲ. ವಾರದ ಸಂಘದ ಕಂತು, ಮೀಟರ್ ಬಡ್ಡಿ ವಸೂಲಿಗೆ ಬರುವವರು ಬಾಗಿಲಲ್ಲೇ ಇರುತ್ತಾರೆ. ಮಗುವಿನ ಫೀಸಿಗೆ ಅಂತ ಕೊಟ್ಟ 3 ಸಾವಿರ ಸಂಜೆಯೊಳಗೆ ಅವರ ಕೈ ಸೇರುತ್ತದೆ. ಫೀಸಾದರೆ ಶಾಲೆಯ ಹೆಸರಿಗೆ ಚೆಕ್, ಬಾಡಿಗೆಯಾದರೆ ಮನೆ ಮಾಲೀಕರ ಖಾತೆಗೆ. ಕಿರುಸಾಲದ ವಸೂಲಿಗಾರರು ಮನೆಗೆ ಬಂದು ಹೆದರಿಸುತ್ತಿದ್ದರೆ ಕಂತು ಕಟ್ಟಿಕೊಡುವ ಬದಲು ಜೊತೆಗೆ ಪೊಲೀಸ್ ಠಾಣೆಗೆ ಹೋಗಿ. ಅಂಥ ಕಿರುಕುಳದ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಿತು.

ಕಾಗದಪತ್ರದ ಕೆಲಸಕ್ಕೆ ಚಪ್ಪಾಳೆ ಸಿಗುವುದಿಲ್ಲ, ಆದರೆ ಫಲ ಇಲ್ಲೇ ಹೆಚ್ಚು. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ, ವಿಧವೆಯರಿಗೆ ಪಿಂಚಣಿ, ಮನೆಯೊಡತಿಗೆ ಗೃಹಲಕ್ಷ್ಮಿಯ 2 ಸಾವಿರ: ಎಲ್ಲಕ್ಕೂ ಅಡ್ಡ ಬರುವುದು ಹೆಸರು. ಕ್ರೈಸ್ತ ಮನೆಗಳಲ್ಲಿ ಈ ತೊಡಕು ವಿಶೇಷ. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು, ಶಾಲೆಯ ಟಿಸಿಯಲ್ಲಿ ಮೇಷ್ಟ್ರು ಬರೆದುಕೊಂಡದ್ದು ಮತ್ತೊಂದು. ಆಧಾರ್‌ನಲ್ಲಿ ಡಿಸೋಜಾ ಎಂಬುದರ ಇಂಗ್ಲಿಷ್ ಕಾಗುಣಿತದ ನಡುವೆ ಒಂದು ಅಪಾಸ್ಟ್ರಫಿ ಚಿಹ್ನೆ (') ಇದ್ದು, ಬ್ಯಾಂಕಿನಲ್ಲಿ ಇಲ್ಲದಿದ್ದರೂ ಅರ್ಜಿ ವಾಪಸ್ ಬರಬಹುದು. ಕ್ರಮ ಹೀಗಿರಲಿ: ಮೊದಲು ಆಧಾರ್ ತಿದ್ದುಪಡಿ, ಆಮೇಲೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಕೊನೆಗೆ ನಾಡಕಚೇರಿಯಲ್ಲಿ ಪಿಂಚಣಿ ಅರ್ಜಿ. ಉಲ್ಟಾ ಮಾಡಿದರೆ ಮೂರೂ ಸಲ ಅಲೆದಾಟ. ಒಂದು ಸಲ ಪಿಂಚಣಿ ಮಂಜೂರಾದರೆ ಆ ಮನೆಗೆ ಕಾನ್ಫರೆನ್ಸಿನ ಕಿಟ್ ಇಲ್ಲದೆಯೂ ನಡೆಯಬಹುದು. ನೆರವಿನ ಗುರಿ ಅದೇ ತಾನೇ?

ಹಣ ಕೊಡುವವರಿಗೆ ಎರಡು ಮಾತು. ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ (80ಜಿ) ಬೇಕಿದ್ದರೆ ನಿಮ್ಮ ಧರ್ಮಕೇಂದ್ರದ ಘಟಕಕ್ಕೆ, ಅಥವಾ ಅದರ ಮೇಲಿನ ಕೌನ್ಸಿಲ್‌ಗೆ, ನೋಂದಣಿ ಇದೆಯೇ ಕೇಳಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಹೊರದೇಶದಲ್ಲಿರುವ ನಮ್ಮವರು ಇನ್ನೂ ಎಚ್ಚರ ವಹಿಸಬೇಕು. ದುಬೈ, ಕುವೈತ್‌ನಲ್ಲಿ ದುಡಿಯುವ ಭಾರತೀಯ ಪಾಸ್‌ಪೋರ್ಟಿನವರು ತಮ್ಮ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಕೆನಡಾದ ಅಥವಾ ಬ್ರಿಟನ್ನಿನ ಪೌರತ್ವ ಪಡೆದವರು ಕಳಿಸಿದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಘಟಕ ಅದನ್ನು ಮುಟ್ಟುವ ಹಾಗಿಲ್ಲ. 2020ರ ತಿದ್ದುಪಡಿಯ ನಂತರ, ನೋಂದಣಿ ಇರುವ ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವುದೂ ಸಾಧ್ಯವಿಲ್ಲ. ಹೊರದೇಶದ ಕಾನ್ಫರೆನ್ಸ್‌ಗಳ ಜೊತೆ ಟ್ವಿನ್ನಿಂಗ್ (ಜೋಡಿ ಸಂಬಂಧ) ಮಾಡಿಕೊಂಡು ನೆರವು ಪಡೆಯುವ ಹಳೆಯ ಪದ್ಧತಿಗೂ ಇದೇ ನಿಯಮ. ಒಳ್ಳೆಯ ಮನಸ್ಸಿನಿಂದ ಬಂದ 20 ಸಾವಿರ ಇಡೀ ಘಟಕವನ್ನು ತೊಂದರೆಗೆ ಸಿಕ್ಕಿಸಬಹುದು.

ವಿಶ್ವಾಸ ಹಂಚುವ ಮಾತಿಗೆ ಬರೋಣ, ಯಾಕೆಂದರೆ ಎಸ್‌ವಿಪಿ ಬರೀ ಸಮಾಜಸೇವೆಯ ಕ್ಲಬ್ ಅಲ್ಲ. ಸೊಸೈಟಿಯ ನಿಯಮಾವಳಿ ಸ್ಪಷ್ಟ: ಜಾತಿ, ಧರ್ಮ, ಮತ ನೋಡದೆ ನೆರವು ಕೊಡಬೇಕು. ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಎಚ್ಚರಿಸಿದೆ: ವಿಶ್ವಾಸ ಹರಡುವಾಗ ಬಲವಂತದ, ಆಮಿಷದ ಸೋಂಕೂ ಇರಕೂಡದು, ಬಡವರ ವಿಷಯದಲ್ಲಂತೂ ಇನ್ನೂ ಹೆಚ್ಚು ಜಾಗ್ರತೆ ಬೇಕು. ಹಾಗಾಗಿ ಬೇಳೆಯ ಪೊಟ್ಟಣದ ನಡುವೆ ಪ್ರಾರ್ಥನೆಯ ಕರಪತ್ರ ಇಡುವುದು ಮನೆಯವರಿಗೂ ಅನ್ಯಾಯ, ಶುಭಸಂದೇಶಕ್ಕೂ ಅನ್ಯಾಯ. ಪೂಜೆಗೆ ಬಾರದ ಕ್ಯಾಥೊಲಿಕ್ ಕುಟುಂಬಕ್ಕೆ ‘ಮೊದಲು ಪೂಜೆಗೆ ಬನ್ನಿ, ಆಮೇಲೆ ನೋಡೋಣ’ ಅನ್ನುವುದೂ ಅದೇ ತಪ್ಪು.

ಹಾಗಾದರೆ ವಿಶ್ವಾಸ ಎಲ್ಲಿ ಹಂಚಿಕೆಯಾಗುತ್ತದೆ? ಕೊಡುವವರ ಕಡೆ ಮೊದಲು. ಭೇಟಿಗೆ ಹೊರಡುವ ಮುಂಚೆ ಇಬ್ಬರೂ ಗೇಟಿನ ಬಳಿ ನಿಂತು ಮಾಡುವ ಅರ್ಧ ನಿಮಿಷದ ಪ್ರಾರ್ಥನೆಯಲ್ಲಿ. ಕ್ಷಯ ಬಂದವರ ಪಕ್ಕ ಮೂಗು ಮುಚ್ಚಿಕೊಳ್ಳದೆ, ಮಾಸ್ಕ್ ಹಾಕಿಕೊಂಡು ಕೂರುವ ತಾಳ್ಮೆಯಲ್ಲಿ. ಮನೆಯವರೇ ಕೇಳಿದರೆ, ಖಂಡಿತ ಪ್ರಾರ್ಥಿಸಬಹುದು. ಹಿಂದೂ, ಮುಸ್ಲಿಂ ಮನೆಗಳಲ್ಲೂ ‘ನಮ್ಮ ಮಗನಿಗೋಸ್ಕರ ನಿಮ್ಮ ಚರ್ಚಲ್ಲಿ ಒಂದು ಮೊಂಬತ್ತಿ ಹಚ್ಚಿ’ ಅನ್ನುವವರಿದ್ದಾರೆ. ಹಚ್ಚಿ, ಮುಂದಿನ ಭೇಟಿಯಲ್ಲಿ ಹಚ್ಚಿದೆವು ಅಂತ ಹೇಳಿ. ಹಾಸಿಗೆ ಹಿಡಿದ ಕ್ಯಾಥೊಲಿಕ್ ವೃದ್ಧರ ಮನೆಯಲ್ಲಿ ಪರಮಪ್ರಸಾದ ಬೇಕೇ ಅಂತ ಕೇಳಿ ಗುರುಗಳಿಗೆ ಸುದ್ದಿ ಮುಟ್ಟಿಸುವುದು ಭೇಟಿಗೆ ಹೋದವರ ಹೊಣೆ. ಅದು ಬಹಳ ಕಡೆ ಮರೆತುಹೋಗುತ್ತದೆ, ಎಣ್ಣೆ ಬೇಳೆ ಮಾತ್ರ ನೆನಪಿರುತ್ತದೆ.

ಕೊರತೆಗಳನ್ನೂ ಮುಚ್ಚಿಡುವುದು ಸರಿಯಲ್ಲ. ಮೊದಲನೆಯದು ವಯಸ್ಸು: ನಿವೃತ್ತರೇ ತುಂಬಿದ ಕಾನ್ಫರೆನ್ಸಿನಲ್ಲಿ ಮೂರನೇ ಮಹಡಿಯ ಮನೆಗೆ ಹತ್ತುವವರಿಲ್ಲ. ವಿದ್ಯಾರ್ಥಿಗಳೇ ಕಟ್ಟಿದ ಸೊಸೈಟಿಗೆ ಈ ಗತಿ ಬರಬಾರದು. ಸಭೆಯ ವೇಳೆಯನ್ನು ಕೆಲಸದ ದಿನದ ಮಧ್ಯಾಹ್ನದಿಂದ ಭಾನುವಾರಕ್ಕೋ ರಾತ್ರಿ 7.30ಕ್ಕೋ ಬದಲಾಯಿಸಿದರೆ ಯುವಕರು ಬರುತ್ತಾರೆ. ಎರಡನೆಯದು ಬ್ಯಾಂಕಿನಲ್ಲಿ ಹಣ ಕೂಡಿಡುವ ಚಟ. ‘ಕಷ್ಟಕಾಲಕ್ಕೆ ಇರಲಿ’ ಅಂತ ಎಫ್‌ಡಿ ಮಾಡಿಸುತ್ತಾರೆ. ಬಂದ ಮನವಿಗಳನ್ನು ತಳ್ಳಿಹಾಕಿ ಎಫ್‌ಡಿ ಬೆಳೆಸುವುದು ನಿಯಮಾವಳಿಯ ಆಶಯಕ್ಕೇ ವಿರುದ್ಧ. ಮೂರನೆಯದು ಮತ್ತು ಅತಿ ನೋವಿನದು ಬಾಯಿ. ಭೇಟಿಯಲ್ಲಿ ಕೇಳಿದ್ದು ಸಭೆಯ ಕೋಣೆ ದಾಟಬಾರದು. ಒಂದು ಮನೆಯ ಗುಟ್ಟು ಗಾನವೃಂದದ ಅಭ್ಯಾಸದಲ್ಲಿ ಮಾತಾಗಿ ಹೊರಬಿದ್ದರೆ ಆ ಇಡೀ ಬೀದಿ ಎಸ್‌ವಿಪಿಗೆ ಬಾಗಿಲು ಮುಚ್ಚುತ್ತದೆ. ನಡಾವಳಿ ಪುಸ್ತಕದಲ್ಲಿ ಹೆಸರಿನ ಬದಲು ಸಂಖ್ಯೆ ಬರೆಯುವ ಘಟಕಗಳಿವೆ, ಎಲ್ಲರೂ ಅದನ್ನೇ ಮಾಡಬೇಕು.

ನೆರವು ಬೇಕಾದವರು ಚರ್ಚಿನ ಕಚೇರಿಯಲ್ಲಿ ಹೇಳಬಹುದು, ಅಥವಾ ಗೊತ್ತಿರುವ ಸದಸ್ಯರೊಬ್ಬರಿಗೆ. ಅರ್ಜಿ ಟೈಪ್ ಮಾಡಿಸುವ ಖರ್ಚು ಬೇಡ. ಒಂದು ವಾರದೊಳಗೆ ಯಾರೂ ಮನೆಗೆ ಬರದಿದ್ದರೆ ಅಧ್ಯಕ್ಷರನ್ನು ನೇರವಾಗಿ ಕೇಳುವ ಹಕ್ಕು ನಿಮಗಿದೆ. ಸೇರಬೇಕೆನ್ನುವವರು ಮೊದಲ ಮೂರು ತಿಂಗಳು ಯಾವ ಹುದ್ದೆಯನ್ನೂ ಒಪ್ಪಿಕೊಳ್ಳದೆ, ಹಳಬರೊಬ್ಬರ ಜೊತೆ ಭೇಟಿಗೆ ಮಾತ್ರ ಹೋಗಿ, ಹೆಚ್ಚು ಕೇಳಿಸಿಕೊಳ್ಳಿ. ಹಿಂದೆ ನೆರವು ಪಡೆದ ಮನೆಯವರೊಬ್ಬರು ಸದಸ್ಯರಾಗಲು ಬಂದರೆ ತೆರೆದ ಮನಸ್ಸಿನಿಂದ ಕುರ್ಚಿ ಎಳೆದು ಕೊಡಿ. ಎಲ್ಲಿ ಕೇಳಿದರೆ ನೋವಾಗುತ್ತದೆ ಅನ್ನುವುದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅವರದೇ ಬೀದಿಯ ಭೇಟಿಗೆ ಮಾತ್ರ ಅವರನ್ನು ಕಳಿಸಬೇಡಿ, ಮತ್ತು ಅವರ ಹಳೆಯ ಸಂಖ್ಯೆ ಯಾವುದಾಗಿತ್ತು ಅಂತ ನಡಾವಳಿ ಪುಸ್ತಕ ತಿರುವಿ ನೋಡಲು ಹೋಗಬೇಡಿ.